ರಿಕಂಬೆಂಟ್ ಸೈಕಲ್: ಬಿಚ್ಚು, ಸಾಗಿಸು, ಮತ್ತೆ ಜೋಡಿಸು

ರಿಕಂಬೆಂಟ್ ಅಂದರೆ ಬೆನ್ನು ಒರಗಿಸಿ ಕೂತು, ಕಾಲು ಮುಂದೆ ಚಾಚಿ ತುಳಿಯುವ ಸೈಕಲ್. ಓಡಿಸುವುದು ಸುಖ, ಸಾಗಿಸುವುದು ತಲೆನೋವು. ಕಾರಿಗೆ ಹಾಕುವ ಸೈಕಲ್ ರ‍್ಯಾಕ್ ಹಿಡಿದುಕೊಳ್ಳುವುದೇ ಮೇಲಿನ ಅಡ್ಡ ಬಾರನ್ನು. ಇದಕ್ಕೆ ಆ ಬಾರೇ ಇಲ್ಲ. ಕೈ ಹಾಕಿದಲ್ಲೆಲ್ಲ ಸೀಟು ಇದೆ, ಇಲ್ಲವೇ ಚೈನು ಇದೆ. ಮುಂದಿನ ಚಕ್ರ ಚಿಕ್ಕದು, ಹಿಂದಿನದು ದೊಡ್ಡದು. ಪೆಡಲ್ ಅಂತೂ ಮುಂದಿನ ಚಕ್ರಕ್ಕಿಂತ ಮುಂದೆ ಚಾಚಿಕೊಂಡಿರುತ್ತದೆ. ರಟ್ಟಿನ ಪೆಟ್ಟಿಗೆ, ರೈಲಿನ ಕೊಕ್ಕೆ, ಕಾರಿನ ಟ್ರೇ ಯಾವುದೂ ಈ ಆಕಾರವನ್ನು ನೋಡಿ ಮಾಡಿದ್ದಲ್ಲ.

ಇದಕ್ಕೊಂದು ಹಳೆಯ ಕಾರಣವೂ ಇದೆ. 1933ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿಸ್ ಫೋರ್ ಎಂಬಾತ ಚಾರ್ಲ್ಸ್ ಮೋಶೆ ಮಾಡಿದ ಒರಗು ಸೈಕಲ್ ಏರಿ ಒಂದು ಗಂಟೆಯಲ್ಲಿ 45.055 ಕಿಮೀ ಹೋದ. 1914ರಿಂದ ಆಸ್ಕರ್ ಎಗ್ ಹೆಸರಲ್ಲಿದ್ದ 44.247 ಕಿಮೀ ದಾಖಲೆ ಮುರಿಯಿತು. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರೇಸಿನ ಸೈಕಲ್ ಹೀಗೇ ಇರಬೇಕು ಎಂದು ನಿಯಮ ಮಾಡಿ ಇದನ್ನು ಹೊರಗಿಟ್ಟಿತು. ರೇಸಿಲ್ಲ ಅಂದಮೇಲೆ ಮಾರುಕಟ್ಟೆ ಸಣ್ಣದು. ಮಾರುಕಟ್ಟೆ ಸಣ್ಣದು ಅಂದಮೇಲೆ ರೆಡಿಮೇಡ್ ಸಾಮಾನು ಕಮ್ಮಿ. ಹಾಗಾಗಿ ರಿಕಂಬೆಂಟ್ ಇಟ್ಟುಕೊಂಡವರು ಸ್ಪ್ಯಾನರ್ ಹಿಡಿಯುವುದನ್ನೂ ಕಲಿಯಲೇಬೇಕಾಗುತ್ತದೆ.

ನನ್ನದು ಎರಡು ಚಕ್ರಗಳ ನಡುವಿನ ಅಂತರ ಕಮ್ಮಿ ಇರುವ, ಅಂದರೆ ಗಿಡ್ಡ ವೀಲ್‌ಬೇಸಿನ ಮಾದರಿ. ಮುಂದೆ 406 ಅಳತೆಯ (ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ, ಮಿಮೀಯಲ್ಲಿ) 20 ಇಂಚಿನ ಚಕ್ರ, ಹಿಂದೆ 559 ಅಳತೆಯ 26 ಇಂಚಿನದು. ಫ್ರೇಮು ಅಲ್ಯೂಮಿನಿಯಂ. ಸೀಟು ಗಟ್ಟಿ ಚಿಪ್ಪಿನದು, ಮೇಲೆ ಸ್ಪಂಜಿನ ಹಾಸು. ಹ್ಯಾಂಡಲ್ ಎದೆಯ ಮುಂದೆ ಬರುತ್ತದೆ. ಪೆಡಲ್ ಹೊತ್ತ ಕೊಳವೆ, ಅಂದರೆ ಬೂಮ್, ಮುಖ್ಯ ಕೊಳವೆಯೊಳಗೆ ಹಿಂದೆ ಮುಂದೆ ಸರಿಯುತ್ತದೆ. ಎರಡು ಬೋಲ್ಟು ಬಿಗಿದರೆ ನಿಲ್ಲುತ್ತದೆ.

ಕೆಲಸ ಶುರು ಮಾಡುವ ಮೊದಲೇ ಒಂದು ವಿಷಯ ಗಟ್ಟಿ ಮಾಡಿಕೊಂಡೆ. ಸಾಗಿಸುವುದು ಬೇರೆ, ಮಾರ್ಪಾಡು ಬೇರೆ ಅಂತ ಎರಡು ಲೆಕ್ಕ ಇಡಬಾರದು. ಕ್ರ್ಯಾಂಕ್ (ಪೆಡಲ್ ಸಿಗಿಸುವ ತೋಳು) ಬದಲಾಯಿಸಲಿ, ಸೀಟು ಸರಿಪಡಿಸಲಿ, ಒಂದು ಲೈಟು ಹಾಕಲಿ, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದನ್ನು ಬಿಚ್ಚಿದರೆ, ಅಳತೆ ಪಟ್ಟಿ ಹಿಡಿಯದೆ ಮತ್ತೆ ಅದೇ ಜಾಗಕ್ಕೆ ಕೂರುತ್ತದಾ? ಇಲ್ಲ ಅಂದರೆ ಆ ಸಾಮಾನು ಎಷ್ಟೇ ಚೆನ್ನಾಗಿರಲಿ, ನನಗೆ ಬೇಡ. ರಿಕಂಬೆಂಟಿನಲ್ಲಿ ಬೂಮ್ ಒಂದು ಸೆಂಟಿಮೀಟರ್ ಆಚೀಚೆ ಆದರೂ ಮಂಡಿಗೆ ಗೊತ್ತಾಗುತ್ತದೆ. ಪ್ರತಿ ಸಲ ಬಿಚ್ಚಿದಾಗಲೂ ಹೊಸದಾಗಿ ಅಳತೆ ಕೂಡಿಸಬೇಕಾದರೆ, ಕೊನೆಗೆ ಸೈಕಲ್ಲನ್ನು ಎಲ್ಲಿಗೂ ಒಯ್ಯುವುದೇ ಇಲ್ಲ.

ಫ್ರೇಮನ್ನೇ ಎರಡು ತುಂಡು ಮಾಡಿ ನಡುವೆ ಜೋಡಣೆ ಕೂಡಿಸುವ ದಾರಿ ಒಂದಿದೆ. ಎಸ್ ಅಂಡ್ ಎಸ್ ಕಪ್ಲರ್‌ಗಳನ್ನು ಹಾಗೆ ಹಾಕುತ್ತಾರೆ. ಆದರೆ ಅವು ಉಕ್ಕು, ಟೈಟಾನಿಯಂ ಫ್ರೇಮುಗಳಿಗೆ ಸರಿ. 6061 ಎಂಬ ಜಾತಿಯ ಅಲ್ಯೂಮಿನಿಯಂ ಬಲ ಪಡೆಯುವುದು ಕಾರ್ಖಾನೆಯಲ್ಲಿ ಕೊಡುವ ಶಾಖ ಸಂಸ್ಕರಣೆಯಿಂದ. ಆಮೇಲೆ ಕೊಯ್ದು ಸುಮ್ನೆ ವೆಲ್ಡಿಂಗ್ ಮಾಡಿಸಿದರೆ ಬೆಸುಗೆಯ ಅಕ್ಕಪಕ್ಕದ ಲೋಹ ಮೆತ್ತಗಾಗುತ್ತದೆ. ಬಲ ಕುಗ್ಗದಿರಲೆಂದೇ ಮುಖ್ಯ ಕೊಳವೆಗೆ ತೂತು ಕೊರೆಯುವುದೂ ಇಲ್ಲ ಅಂತ ತೀರ್ಮಾನಿಸಿದೆ. ಏನೇ ಕಟ್ಟಿದರೂ ಕ್ಲಿಪ್ಪು, ಕ್ಲ್ಯಾಂಪು, ಪಟ್ಟಿ ಅಷ್ಟೇ.

ಮೊದಲು ಬೂಮ್

ಉದ್ದ ಕಮ್ಮಿ ಮಾಡಬೇಕಾದರೆ ಮೊದಲು ಕೈ ಹಾಕಬೇಕಾದ್ದು ಬೂಮಿಗೆ. ಅದು ಆಚೆ ಬಂದರೆ ಉಳಿದ ಫ್ರೇಮು ಸಾಮಾನ್ಯ ಸೈಕಲ್ಲಿನ ರಟ್ಟಿನ ಪೆಟ್ಟಿಗೆಯ ಉದ್ದಕ್ಕೆ ಇಳಿಯುತ್ತದೆ. ಕಷ್ಟ ಏನೆಂದರೆ, ಬೂಮ್ ವಾಪಸ್ ಹಾಕುವಾಗ ಎರಡು ವಿಷಯ ಸರಿಯಾಗಬೇಕು: ಎಷ್ಟು ಒಳಗೆ ಹೋಗಬೇಕು, ಎಷ್ಟು ತಿರುಗಿರಬೇಕು.

ಒಳಗೆ ಹೋಗುವ ಅಳತೆಗೆ ಒಂದು ಸ್ಟೀಲಿನ ಹೋಸ್ ಕ್ಲಿಪ್ ಸಾಕು. ಕಾಲಿಗೆ ಸರಿಹೊಂದುವ ಜಾಗದಲ್ಲಿ ಬೂಮ್ ನಿಲ್ಲಿಸಿ, ಮುಖ್ಯ ಕೊಳವೆಯ ಬಾಯಿಗೆ ತಾಗಿದ ಹಾಗೆ ಬೂಮಿನ ಮೇಲೆ ಕ್ಲಿಪ್ ಬಿಗಿದೆ. ಬೂಮ್ ಪೂರ್ತಿ ಹೊರಗೆ ಬಂದರೂ ಕ್ಲಿಪ್ ಅದರ ಮೇಲೇ ಇರುತ್ತದೆ. ಮತ್ತೆ ತೂರಿಸುವಾಗ ಕ್ಲಿಪ್ ಹೋಗಿ ಬಾಯಿಗೆ ಟಕ್ ಅಂತ ತಾಗಿದರೆ ಅಳತೆ ಮುಗಿಯಿತು. ಬಣ್ಣ ಕೆರೆಯದಿರಲಿ ಅಂತ ಕ್ಲಿಪ್ಪಿನ ಕೆಳಗೆ ಹಳೆಯ ಟ್ಯೂಬಿನ ಒಂದು ತುಂಡು ಸುತ್ತಿದ್ದೇನೆ. ಅಂದಹಾಗೆ, ಬೂಮ್ ಮೇಲೆ ಕಂಪನಿಯವರು ಕೊರೆದಿರುವ ಗೆರೆಯನ್ನು ದಾಟಿ ಹೊರಗೆ ಎಳೆಯಬೇಡಿ. ಕನಿಷ್ಠ ಅಷ್ಟು ಉದ್ದ ಒಳಗಿರಲೇಬೇಕು ಅಂತ ಅದರ ಅರ್ಥ.

ತಿರುಗುವ ಅಳತೆ ಸ್ವಲ್ಪ ಸೂಕ್ಷ್ಮ. ಬೂಮ್ ಒಂದಿಷ್ಟು ವಾಲಿದ್ದರೂ ಒಂದು ಪಾದ ಮೇಲೆ, ಇನ್ನೊಂದು ಕೆಳಗೆ ಆಗುತ್ತದೆ. ಐದು ಕಿಮೀ ಹೋಗುವಷ್ಟರಲ್ಲಿ ಒಂದು ಮಂಡಿ ತಕರಾರು ತೆಗೆಯುತ್ತದೆ. ಇದಕ್ಕೆ ನಾನು ಮಾಡುವುದು ಹೀಗೆ. ಸೈಕಲ್ ನೆಟ್ಟಗೆ ನಿಲ್ಲಿಸಿ, ಹ್ಯಾಂಡಲ್ ನೇರ ಹಿಡಿದು, ಒಂದು ಕ್ರ್ಯಾಂಕ್ ನೇರ ಕೆಳಗೆ ಇಳಿಬಿಡಬೇಕು. ನಾಲ್ಕು ಹೆಜ್ಜೆ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಬೇಕು. ಕ್ರ್ಯಾಂಕಿನ ಅಂಚು, ಅದರ ಹಿಂದೆ ಕಾಣುವ ಮುಂಚಕ್ರದ ಟೈರಿನ ಅಂಚಿಗೆ ಸಮಾನಾಂತರ ಕಾಣಬೇಕು. ಕಣ್ಣು ಇಷ್ಟು ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದಲ್ವಾ ಅಂತ ಆಶ್ಚರ್ಯವಾಗುತ್ತದೆ. ಸರಿಯಾದ ಮೇಲೆ ಬೂಮಿನಿಂದ ಮುಖ್ಯ ಕೊಳವೆಯವರೆಗೆ ಪೇಂಟ್ ಪೆನ್ನಿನಲ್ಲಿ ಒಂದೇ ಗೆರೆ ಎಳೆದೆ. ಈಗ ಕ್ಲಿಪ್ ತಾಗಬೇಕು, ಗೆರೆ ಕೂಡಬೇಕು, ಬೋಲ್ಟು ಬಿಗಿಯಬೇಕು. ಎರಡು ಬೋಲ್ಟನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿಯುವುದು ಮುಖ್ಯ. ಬಿಗಿತ ಎಷ್ಟಿರಬೇಕು ಅನ್ನುವುದನ್ನು ನಿಮ್ಮ ಸೈಕಲ್ಲಿನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಕಾರ್ಬನ್ ಬೂಮ್ ಆದರೆ ಗ್ರೀಸ್ ಹಚ್ಚಬಾರದು, ಅದಕ್ಕೇ ಇರುವ ಹಿಡಿತದ ಪೇಸ್ಟ್ ಬೇಕು.

ಚೈನು ಬಿಚ್ಚಬೇಕಾಗಿಲ್ಲ

ರಿಕಂಬೆಂಟಿನ ಚೈನು ಸಾಮಾನ್ಯ ಸೈಕಲ್ಲಿನದಕ್ಕಿಂತ ಎರಡೂವರೆಯಿಂದ ಮೂರು ಪಟ್ಟು ಉದ್ದ. ಹಿಂದಿನ ಚಕ್ರದ ಹಲ್ಲುಗಾಲಿಗಳ ಗುಂಪು, ಅಂದರೆ ಕ್ಯಾಸೆಟ್‌ನಿಂದ ಸೀಟಿನ ಕೆಳಗೆ ಬಂದು, ಐಡ್ಲರ್ ಗಾಲಿಯ ಹತ್ತಿರ ದಿಕ್ಕು ಬದಲಿಸಿ, ಪೆಡಲ್ ಜೊತೆ ತಿರುಗುವ ಮುಂದಿನ ಹಲ್ಲುಗಾಲಿ, ಅಂದರೆ ಚೈನ್‌ರಿಂಗ್‌ಗೆ ಹೋಗುತ್ತದೆ. ವಾಪಸ್ ಬರುವ ಸಾಲು ಪ್ಲಾಸ್ಟಿಕ್ ಕೊಳವೆಯೊಳಗೆ ಬರುತ್ತದೆ. ಸಾಗಿಸುವಾಗ ಎಲ್ಲರೂ ಹೆದರುವುದು ಇದಕ್ಕೇ. ಕ್ವಿಕ್ ಲಿಂಕ್ (ಚೈನಿನ ಬಿಚ್ಚಬಹುದಾದ ಕೊಂಡಿ) ಬಿಚ್ಚು, ಕೊಳವೆಯಿಂದ ಎಳೆ, ಚೀಲಕ್ಕೆ ಹಾಕು, ಆಮೇಲೆ ಮತ್ತೆ ಪೋಣಿಸು. ಕೈಯೆಲ್ಲ ಕರಿ.

ಚೈನಿನ ದಾರಿಯನ್ನು ನಿಧಾನವಾಗಿ ನೋಡಿದರೆ ಇಷ್ಟೆಲ್ಲ ಬೇಕಾಗಿಲ್ಲ. ಚೈನು ಬೂಮನ್ನು ಸುತ್ತಿಕೊಂಡಿಲ್ಲ, ಅದರ ಬಲಬದಿಯಲ್ಲಿ ಸಾಗುತ್ತದೆ ಅಷ್ಟೇ. ಬಲಗಡೆಯ ಪೆಡಲ್ ಬಿಚ್ಚಿ, ಬೂಮನ್ನು ಸ್ವಲ್ಪ ಒಳಕ್ಕೆ ತಳ್ಳಿದರೆ ಚೈನು ಸಡಿಲ ಆಗುತ್ತದೆ. ಆಗ ಅದನ್ನು ಚೈನ್‌ರಿಂಗಿನ ಹಲ್ಲಿನಿಂದ ಹೊರಕ್ಕೆ ಜಾರಿಸಿ, ಕ್ರ್ಯಾಂಕನ್ನು ಆ ಕುಣಿಕೆಯಿಂದ ದಾಟಿಸಿದರೆ ಆಯಿತು. ಬೂಮ್ ಪೂರ್ತಿ ಆಚೆ. ಚೈನು, ಕೊಳವೆ, ಐಡ್ಲರ್ ಎಲ್ಲ ಫ್ರೇಮಿನಲ್ಲೇ ಉಳಿಯುತ್ತವೆ. ಒಳಕ್ಕೆ ತಳ್ಳಬೇಕಾದರೆ ಹೋಸ್ ಕ್ಲಿಪ್ ಅಡ್ಡ ಬರುತ್ತದಲ್ಲ ಅಂತ ಕೇಳಬಹುದು. ಹೌದು, ಬರುತ್ತದೆ. ಹಾಗಾಗಿ ನಾನು, ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್‌ನ ತೋಳನ್ನು ಕೈಯಿಂದ ಮುಂದಕ್ಕೆ ತಳ್ಳಿ ಸಡಿಲ ಮಾಡಿಕೊಳ್ಳುತ್ತೇನೆ. ಚೈನನ್ನು ಕ್ಯಾಸೆಟ್ಟಿನ ಚಿಕ್ಕ ಹಲ್ಲುಗಾಲಿಗೆ ಮೊದಲೇ ಇಳಿಸಿದ್ದರೆ ಅಷ್ಟು ಸಡಿಲ ಸಾಕು.

ಆದರೆ ಇದು ನಡೆಯಬೇಕಾದರೆ ಒಂದು ಷರತ್ತು ಇದೆ. ಮುಂದಿನ ಡಿರೇಲರ್ ಇರಬಾರದು. ಅದರ ಪಂಜರದೊಳಗೆ ಚೈನು ಸಿಕ್ಕಿಕೊಂಡಿರುತ್ತದೆ. ಚೈನು ತುಂಡು ಮಾಡದೆ ಹೊರಗೆ ಬರುವುದಿಲ್ಲ. ಜೊತೆಗೆ ಅದರ ಕೇಬಲ್ ಒಂದು ಬೂಮಿನ ಉದ್ದಕ್ಕೂ ಬರುತ್ತದೆ. ಹಾಗಾಗಿ ಮುಂದಿನ ಡಿರೇಲರ್, ಅದರ ಶಿಫ್ಟರ್, ಕೇಬಲ್ ಮೂರನ್ನೂ ತೆಗೆದು ಒಂದೇ ಚೈನ್‌ರಿಂಗ್ ಇಟ್ಟೆ. ಬೂಮ್ ಈಗ ಬರೀ ಕೊಳವೆ, ಕ್ರ್ಯಾಂಕ್ ಮತ್ತು ಬೆಳಗಿಸಲು ಒಂದು ಬ್ಯಾಟರಿ ಲೈಟು. ಒಂದೂ ತಂತಿ ಇಲ್ಲ.

ಕ್ರ್ಯಾಂಕ್ ಗಿಡ್ಡ ಮಾಡಿದ ಲೆಕ್ಕ

ಹೇಗೂ ಕೈ ಹಾಕಿದ್ದಾಯಿತು ಅಂತ 170 ಮಿಮೀ ಕ್ರ್ಯಾಂಕ್ ತೆಗೆದು 155 ಮಿಮೀದು ಹಾಕಿದೆ. ರಿಕಂಬೆಂಟ್ ಓಡಿಸುವವರಲ್ಲಿ ಗಿಡ್ಡ ಕ್ರ್ಯಾಂಕ್ ಇಷ್ಟಪಡುವವರು ಜಾಸ್ತಿ. ಮಂಡಿ ಅಷ್ಟೊಂದು ಮಡಚಬೇಕಾಗಿಲ್ಲ. ತಿರುಗುವಾಗ ಹಿಮ್ಮಡಿ ಮುಂದಿನ ಚಕ್ರಕ್ಕೆ ತಾಗುವುದೂ ಕಮ್ಮಿಯಾಗುತ್ತದೆ. ಪೆಟ್ಟಿಗೆಯಲ್ಲಿ ಜಾಗ ಉಳಿಯುವುದು ಮೇಲಿನ ಲಾಭ.

ಈ ಒಂದು ಬದಲಾವಣೆ ಮೂರು ಕಡೆ ಎಳೆಯುತ್ತದೆ. ಕ್ರ್ಯಾಂಕ್ 15 ಮಿಮೀ ಗಿಡ್ಡವಾದರೆ ಕಾಲು ಚಾಚಿದಾಗ ಪೆಡಲ್ ಅಷ್ಟು ಹತ್ತಿರ ಬರುತ್ತದೆ. ಅದನ್ನು ಸರಿದೂಗಿಸಲು ಬೂಮನ್ನು 15 ಮಿಮೀ ಹೊರಕ್ಕೆ ಎಳೆಯಬೇಕು. ಚೈನಿನ ಮೇಲಿನ ಸಾಲೂ ಕೆಳಗಿನ ಸಾಲೂ ತಲಾ 15 ಮಿಮೀ ಉದ್ದ ಕೇಳುತ್ತವೆ. ಅಂದರೆ ಒಟ್ಟು 30 ಮಿಮೀ. ಇನ್ನೊಂದು ಕಡೆ, ಸನ್ನೆ ಗಿಡ್ಡವಾಗಿರುವುದರಿಂದ ಪೆಡಲ್ ಸುಮಾರು ಶೇ. 10ರಷ್ಟು ಭಾರ ಅನಿಸುತ್ತದೆ. ಅದಕ್ಕೆ 42 ಹಲ್ಲಿನ ಚೈನ್‌ರಿಂಗ್ ಬದಲು 38 ಹಲ್ಲಿನದು ಹಾಕಿದೆ. 42ರಿಂದ 38ಕ್ಕೆ ಇಳಿದರೂ ವ್ಯತ್ಯಾಸ ಹೆಚ್ಚುಕಡಿಮೆ ಶೇ. 10ರಷ್ಟೇ. ಪೆಡಲ್ಲಿನ ಭಾರ ಮೊದಲಿನಷ್ಟೇ ಆಯಿತು.

ಈಗ ಚೈನಿನ ಲೆಕ್ಕ ನೋಡಿ. ಚೈನು ರಿಂಗಿನ ಅರ್ಧ ಭಾಗವನ್ನು ಮಾತ್ರ ಸುತ್ತುತ್ತದೆ. ನಾಲ್ಕು ಹಲ್ಲು ಕಮ್ಮಿಯಾದರೆ ಎರಡು ಕೊಂಡಿಯಷ್ಟು ಚೈನು ಉಳಿಯುತ್ತದೆ. ಒಂದು ಕೊಂಡಿ 12.7 ಮಿಮೀ, ಎರಡಕ್ಕೆ 25.4. ಒಂದು ಕಡೆ 30 ಮಿಮೀ ಬೇಕು, ಇನ್ನೊಂದು ಕಡೆ 25.4 ಉಳಿಯಿತು. ಮಿಕ್ಕ ನಾಲ್ಕೂವರೆ ಮಿಮೀ ಡಿರೇಲರ್‌ನ ತೋಳಿಗೆ ಒಂದು ಲೆಕ್ಕವೇ ಅಲ್ಲ. ಚೈನಿಗೆ ಕೊಂಡಿ ಸೇರಿಸುವುದೂ ಬೇಡ, ತೆಗೆಯುವುದೂ ಬೇಡ. ಇಂಥದ್ದು ಕಾಗದದ ಮೇಲೆ ಕೂಡಿ ಬಂದಾಗ ಸಿಗುವ ಖುಷಿಯೇ ಬೇರೆ.

ಹಿಂದೆ 9 ಗೇರಿನ 11ರಿಂದ 36 ಹಲ್ಲಿನ ಕ್ಯಾಸೆಟ್ ಇದೆ. ಹಿಂದಿನ ಚಕ್ರದ ಸುತ್ತಳತೆ ಸುಮಾರು 2.05 ಮೀಟರ್. ಕೆಳಗಿನ ಗೇರಿನಲ್ಲಿ ಒಂದು ಸುತ್ತು ಪೆಡಲ್ ತುಳಿದರೆ ಸುಮಾರು 2.2 ಮೀಟರ್, ಮೇಲಿನದರಲ್ಲಿ ಸುಮಾರು 7.1 ಮೀಟರ್ ಹೋಗುತ್ತದೆ. ಕಡಿದಾದ ಏರಿಗೆ 2.2 ಇನ್ನೂ ಸ್ವಲ್ಪ ಜಾಸ್ತಿಯೇ. ರಿಕಂಬೆಂಟಿನಲ್ಲಿ ಎದ್ದು ನಿಂತು ತುಳಿಯಲು ಆಗುವುದಿಲ್ಲ ಅಲ್ವಾ? ಬೆಟ್ಟದ ದಾರಿಯೇ ಜಾಸ್ತಿ ಇರುವವರು 34 ಅಥವಾ 32 ಹಲ್ಲಿನ ರಿಂಗ್ ನೋಡಿಕೊಳ್ಳುವುದು ಒಳ್ಳೆಯದು. ಇಳಿಜಾರಿನಲ್ಲಿ ಹೇಗೂ ಪೆಡಲ್ ನಿಲ್ಲಿಸಿ ಸುಮ್ನೆ ಕೂರಬಹುದು.

9 ಗೇರಿನಲ್ಲೇ ಉಳಿದದ್ದಕ್ಕೂ ಕಾರಣ ಇದೆ. 9 ಗೇರಿನ ಕ್ವಿಕ್ ಲಿಂಕ್‌ಗಳಲ್ಲಿ ಮತ್ತೆ ಮತ್ತೆ ಬಿಚ್ಚಿ ಹಾಕಬಹುದಾದಂಥವು ಸುಲಭವಾಗಿ ಸಿಗುತ್ತವೆ. 10, 11 ಗೇರಿನ ಎಷ್ಟೋ ಲಿಂಕ್‌ಗಳನ್ನು ಒಂದೇ ಸಲ ಬಳಸಿ ಅಂತ ತಯಾರಕರೇ ಹೇಳುತ್ತಾರೆ. ಒಯ್ಯುವಾಗ ಬಿಚ್ಚುವುದಿಲ್ಲವಾದರೂ ತೊಳೆಯುವಾಗ ಬಿಚ್ಚಲೇಬೇಕು. ಆಗ ಒಂದು ಉಪಾಯ: ಚೈನಿನ ತುದಿಗೆ ಗಟ್ಟಿ ದಾರ ಕಟ್ಟಿ ಎಳೆಯಿರಿ. ಚೈನು ಆಚೆ ಬಂದಾಗ ದಾರ ಕೊಳವೆಯಲ್ಲಿ, ಐಡ್ಲರ್ ಮೇಲೆ ಹಾದು ನಿಂತಿರುತ್ತದೆ. ವಾಪಸ್ ಹಾಕುವಾಗ ದಾರವೇ ದಾರಿ ತೋರಿಸುತ್ತದೆ. ಉದ್ದ ಚೈನು ದುಬಾರಿ ಅನಿಸಿದರೂ ಸವೆಯುವುದು ನಿಧಾನ. ಒಂದೊಂದು ಕೊಂಡಿ ಹಲ್ಲಿನ ಮೇಲೆ ಬರುವ ಸರದಿ ಅಷ್ಟು ಕಮ್ಮಿ. 24 ಕೊಂಡಿ ಅಳೆದರೆ ಹೊಸದರಲ್ಲಿ 304.8 ಮಿಮೀ ಇರುತ್ತದೆ. ಅದು ಒಂದೂವರೆ ಮಿಮೀ ಬೆಳೆದಿದ್ದರೆ ಬದಲಾಯಿಸುವ ಹೊತ್ತು ಬಂತು.

ಸೀಟು

ಸೀಟು ಬಿಚ್ಚಲು ಮೊದಲು ನಾಲ್ಕು ಬೋಲ್ಟು, ನಾಲ್ಕು ನಟ್ಟು, ಕೈ ತೂರದ ಜಾಗದಲ್ಲಿ ಒಂದು ಸ್ಪ್ಯಾನರ್ ಬೇಕಿತ್ತು. ಅಲೆನ್ ಕೀ ಕೂಡ ಬೇಡದ ಹಾಗೆ ಮಾಡಬೇಕೆಂದಿತ್ತು. ಆದರೆ ಇಲ್ಲಿ ಒಂದು ವಿಷಯ ಮರೆಯಬಾರದು. ಸಾಮಾನ್ಯ ಸೈಕಲ್ಲಿನ ಸೀಟು ನಮ್ಮ ತೂಕ ಹೊರುತ್ತದೆ ಅಷ್ಟೇ. ರಿಕಂಬೆಂಟಿನ ಸೀಟಿನ ಬೆನ್ನಿಗೆ ಕಾಲಿನ ಬಲವೂ ಬರುತ್ತದೆ. ಪೆಡಲ್ಲನ್ನು ಎಷ್ಟು ಜೋರಾಗಿ ತಳ್ಳುತ್ತೇವೋ ಅಷ್ಟೇ ಜೋರಾಗಿ ಬೆನ್ನು ಸೀಟನ್ನು ಹಿಂದಕ್ಕೆ ಒತ್ತುತ್ತದೆ. ಸೀಟಿನ ಬೆನ್ನಿಗೆ ಆಸರೆ ಕೊಡುವ ಹಿಂದಿನ ಊರುಗೋಲುಗಳು ಈ ಹೊಡೆತವನ್ನು ಪ್ರತಿ ತುಳಿತಕ್ಕೂ ತಿನ್ನುತ್ತವೆ. ಅಲ್ಲಿ ಬರೀ ರೆಕ್ಕೆ ನಟ್ಟು ಹಾಕಿದರೆ ಸಡಿಲವಾಗುವುದು ಖಂಡಿತ.

ಹಾಗಾಗಿ ಹಿಂದಿನ ಎರಡು ಊರುಗೋಲಿಗೆ 6 ಮಿಮೀ ಪಿನ್ ಹಾಕಿ, ಪಿನ್ನಿನ ತುದಿಗೆ ಆರ್ ಆಕಾರದ ತಂತಿ ಕ್ಲಿಪ್ ಸಿಗಿಸಿದೆ. ಪಿನ್ ಬಿಗಿತವನ್ನು ನಂಬಿ ನಿಲ್ಲುವುದಿಲ್ಲ. ತೂತಿನಲ್ಲಿ ಅಡ್ಡ ಕೂತು ಭಾರ ಹೊರುತ್ತದೆ. ಸಡಿಲವಾಗುವ ಪ್ರಶ್ನೆಯೇ ಬರುವುದಿಲ್ಲ. ತೂತಿಗೂ ಪಿನ್ನಿಗೂ ನಡುವೆ ಸ್ವಲ್ಪ ಸಂದು ಇರುವುದರಿಂದ ಕಟಕಟ ಸದ್ದು ಬರುತ್ತದೆ. ಎರಡೂ ಬದಿಗೆ ನೈಲಾನ್ ವಾಷರ್ ಹಾಕಿದರೆ ಸದ್ದು ನಿಲ್ಲುತ್ತದೆ. ಊರುಗೋಲಿನ ಉದ್ದ ಬದಲಾಗುವುದಿಲ್ಲವಾದ್ದರಿಂದ ಸೀಟಿನ ಕೋನವೂ ತಾನಾಗಿಯೇ ವಾಪಸ್ ಬರುತ್ತದೆ. ಮುಂದಿನ ಎರಡು ಜಾಗಕ್ಕೆ ಎಂ6 ಬೋಲ್ಟು, ತಲೆಗೆ ಕೈಯಲ್ಲೇ ತಿರುಗಿಸುವ ದಪ್ಪ ಪ್ಲಾಸ್ಟಿಕ್ ಗುಬ್ಬಿ. ಅಲ್ಲಿ ಭಾರ ಕೆಳಮುಖ, ಹಾಗಾಗಿ ಅಷ್ಟು ಸಾಕು.

ಸ್ಪಂಜಿನ ಹಾಸು ವೆಲ್ಕ್ರೋ ಪಟ್ಟಿಯಲ್ಲಿ ಅಂಟಿರುತ್ತದೆ. ಕಾರಿನ ಮೇಲೆ ಕಟ್ಟುವಾಗ ಮೊದಲು ಅದನ್ನು ಕಿತ್ತು ಒಳಗಿಡಿ.

ಕೇಬಲ್ಲುಗಳು

ಹ್ಯಾಂಡಲ್ ಮುಂದಕ್ಕೆ ಪೂರ್ತಿ ಮಲಗಬೇಕು, ಆದರೆ ಒಂದು ಕೇಬಲ್ಲೂ ಬಿಚ್ಚಬಾರದು. ಇದು ನನ್ನ ಬೇಡಿಕೆ. ಹಳೆಯ ಕೇಬಲ್ ಹೊರಕವಚ ಅಷ್ಟು ಉದ್ದ ಇರಲಿಲ್ಲ. ಹ್ಯಾಂಡಲನ್ನು ಮಲಗಿಸಿದ ಸ್ಥಿತಿಯಲ್ಲೇ ಹೊಸ ಕವಚ ಅಳೆದು ಕತ್ತರಿಸಿದೆ. ನೆಟ್ಟಗಿರುವಾಗ ಸ್ವಲ್ಪ ಜಾಸ್ತಿ ಬಳುಕಿ ಕಾಣುತ್ತದೆ, ಪರವಾಗಿಲ್ಲ. ಹಿಂದಿನ ಗೇರಿಗೆ ಮಾಮೂಲಿ ಒಳತಂತಿ ಸಾಲುವುದಿಲ್ಲ. ಇಬ್ಬರು ಓಡಿಸುವ ಟ್ಯಾಂಡಂ ಸೈಕಲ್ಲಿನದು ಕೇಳಿ ತರಬೇಕು. ಬ್ರೇಕಿನ ಕವಚವನ್ನು ಗೇರಿಗೆ, ಗೇರಿನದನ್ನು ಬ್ರೇಕಿಗೆ ಹಾಕುವ ಹಾಗಿಲ್ಲ. ಬ್ರೇಕಿನ ಕವಚದಲ್ಲಿ ತಂತಿ ಸುರುಳಿ ಸುತ್ತಿರುತ್ತದೆ. ಗೇರಿನದರಲ್ಲಿ ಉದ್ದುದ್ದ ಎಳೆಗಳಿರುತ್ತವೆ, ಅದು ಬ್ರೇಕಿನ ಒತ್ತಡಕ್ಕೆ ಸೀಳಿಹೋಗಬಹುದು. ಇದು ಪ್ರಾಣದ ಮಾತು.

ಕಾರಿನ ಮೇಲೆ

ಕಾರಿನ ಮೇಲೆ ಹಾಕುವಾಗ ಬೂಮ್ ಬಿಚ್ಚುವುದಿಲ್ಲ. ಮುಂದಿನ ಚಕ್ರ ಮತ್ತು ಸೀಟು ಮಾತ್ರ ಆಚೆ. ಸೀಟಿನ ಚಿಪ್ಪು ಮೇಲಿದ್ದರೆ ಮೊರದ ಹಾಗೆ ಗಾಳಿ ಹಿಡಿಯುತ್ತದೆ. ಫ್ರೇಮು ಕಟ್ಟಿದ ಪಟ್ಟಿಗಳಿಗೆಲ್ಲ ಎಳೆತ.

ಕೆಳಗಿನ ಹಲಗೆಯನ್ನು ನಾನೇ ಮಾಡಿಕೊಂಡೆ. 40 ಮಿಮೀ ಚೌಕದ ಅಲ್ಯೂಮಿನಿಯಂ ಕೊಳವೆ ಒಂದನ್ನು ಕಾರಿನ ಎರಡು ಅಡ್ಡ ಬಾರಿನ ಮೇಲೆ ಉದ್ದಕ್ಕೆ ಇಟ್ಟು ಯು ಬೋಲ್ಟಿನಿಂದ ಬಿಗಿದಿದ್ದೇನೆ. ಎಲ್ಲ ಕಡೆ ನೈಲಾನ್ ಇರುವ ಲಾಕ್ ನಟ್ಟು. ಹಿಂದಿನ ಚಕ್ರ ಕೂರಲು ಯು ಆಕಾರದ ಚಾನಲ್ಲಿನ ತುಂಡು, ಒಳ ಅಗಲ 60 ಮಿಮೀ. ಮುಂದೆ ಫೋರ್ಕ್ (ಮುಂದಿನ ಚಕ್ರ ಕೂರುವ ಕವೆ) ಹಿಡಿಯುವ ಕ್ಲ್ಯಾಂಪ್. ಅದು 100 ಮಿಮೀ ಅಗಲದ, ಕ್ವಿಕ್ ರಿಲೀಸ್ (ಲಿವರ್ ಎಳೆದು ಚಕ್ರ ಬಿಚ್ಚುವ ವ್ಯವಸ್ಥೆ) ಇರುವ ಫೋರ್ಕಿಗೆ. ದಪ್ಪ ಆಕ್ಸಲ್ ತೂರಿಸುವ ಮಾದರಿಯಾದರೆ ಅದಕ್ಕೆ ತಕ್ಕ ಅಡಾಪ್ಟರ್ ಬೇಕು.

ಕ್ಲ್ಯಾಂಪನ್ನು ನೇರವಾಗಿ ಕೊಳವೆಯ ಮೇಲೆ ಕೂರಿಸಿದರೆ ಸೈಕಲ್ ಮೂಗು ಕೆಳಗೆ ಮಾಡುತ್ತದೆ. ಚಕ್ರ ಇದ್ದಾಗ ಮುಂದಿನ ಆಕ್ಸಲ್ ನೆಲದಿಂದ ಸುಮಾರು 25 ಸೆಂಮೀ ಮೇಲಿರುತ್ತದೆ. ಕ್ಲ್ಯಾಂಪಿನ ಎತ್ತರ ಐದೇ ಸೆಂಮೀ. ಮಿಕ್ಕ 20 ಸೆಂಮೀ ಬಗ್ಗಿದರೆ ಫೋರ್ಕಿನ ಮುಂದೆ ಚಾಚಿರುವ ಬೂಮು ಇನ್ನೂ ಕೆಳಗೆ ಹೋಗುತ್ತದೆ, ತೂಕ ಪೂರ್ತಿ ಮುಂದಕ್ಕೆ ಬೀಳುತ್ತದೆ. ಕ್ಲ್ಯಾಂಪಿನ ಕೆಳಗೆ 12 ಸೆಂಮೀ ಎತ್ತರದ ಗಟ್ಟಿ ಮರದ ತುಂಡು ಕೊಟ್ಟೆ. ಪೂರ್ತಿ 20 ಸೆಂಮೀ ಎತ್ತರಿಸಿದರೆ ನೆಟ್ಟಗಿರುತ್ತದೆ ನಿಜ, ಆದರೆ ಆಗ ತುಂಡೇ ಅಲ್ಲಾಡಲು ಶುರುಮಾಡುತ್ತದೆ.

ಸೈಕಲ್ ಮುಂದಕ್ಕೇ ಮುಖ ಮಾಡಿರಲಿ. ತಿರುಗಿಸಿ ಹಾಕಿದರೆ ಬೂಮ್ ಕಾರಿನ ಹಿಂದೆ ಚಾಚುತ್ತದೆ, ಡಿಕ್ಕಿಯ ಬಾಗಿಲು ಎತ್ತಿದಾಗ ನೇರ ಚೈನ್‌ರಿಂಗಿಗೆ ಬಡಿಯುತ್ತದೆ. ಫೋರ್ಕ್, ಹಿಂದಿನ ಚಕ್ರ ಎರಡೇ ಕಡೆ ಹಿಡಿದರೆ ಸಾಲದು. ಸೀಟಿನ ಬ್ರ್ಯಾಕೆಟ್ ಇರುವ ಜಾಗದಿಂದ ಎರಡೂ ಬದಿಗೆ ಒಂದೊಂದು ಪಟ್ಟಿ ಎಳೆದು ಬಾರಿಗೆ ಕಟ್ಟುತ್ತೇನೆ. ರ‍್ಯಾಚೆಟ್ ಪಟ್ಟಿ ಬೇಡ, ಅದರಲ್ಲಿ ಬಿಗಿ ಎಷ್ಟಾಯಿತು ಅನ್ನುವುದೇ ತಿಳಿಯುವುದಿಲ್ಲ. ಕೈಯಲ್ಲಿ ಎಳೆದು ನಿಲ್ಲಿಸುವ ಬಕಲ್ ಪಟ್ಟಿ ಸಾಕು. ಪಟ್ಟಿಗೆ ನಡುವೆ ಒಂದು ಸುತ್ತು ತಿರುಚು ಕೊಡಿ. ಚಪ್ಪಟೆಯಾಗಿ ಬಿಟ್ಟರೆ ವೇಗದಲ್ಲಿ ಗುಂಯ್ ಅಂತ ದಾರಿಯುದ್ದಕ್ಕೂ ಕೂಗುತ್ತದೆ. ಹೊರಟು ಸ್ವಲ್ಪ ದೂರ ಹೋದಮೇಲೆ ಒಮ್ಮೆ ನಿಲ್ಲಿಸಿ ಎಲ್ಲವನ್ನೂ ಮುಟ್ಟಿ ನೋಡಬೇಕು. ಪಟ್ಟಿಗಳು ಮೊದಲ ಕೆಲವು ಕಿಮೀಯಲ್ಲೇ ಜಗ್ಗುವುದು.

ಕಾರಿನ ಚಾವಣಿ ಎಷ್ಟು ತೂಕ ತಡೆಯುತ್ತದೆ ಅಂತ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಬಾರಿನ ತೂಕವೂ ಹಲಗೆಯ ತೂಕವೂ ಆ ಲೆಕ್ಕದಲ್ಲಿ ಸೇರುತ್ತವೆ. ಒಟ್ಟು ಎತ್ತರ ಅಳೆದು ಚೀಟಿ ಬರೆದು ಸ್ಟೀರಿಂಗ್ ಹತ್ತಿರ ಅಂಟಿಸಿಕೊಳ್ಳಿ. ನೆಲಮಾಳಿಗೆಯ ಪಾರ್ಕಿಂಗ್ ಕಂಡಾಗ ನೆನಪಾಗಬೇಕಲ್ಲ. ಕಾರಿನ ಹಿಂದೆ ಟ್ರೇ ಇರುವವರು ಇನ್ನೊಂದು ನೋಡಿಕೊಳ್ಳಬೇಕು: ಚಿಕ್ಕ ಚಕ್ರ ಸೈಲೆನ್ಸರ್ ಕೊಳವೆಯ ಬಾಯಿಗೆ ನೇರ ಬಂದರೆ ಬಿಸಿ ಹೊಗೆಗೆ ಟೈರು ಕರಗುತ್ತದೆ.

ಮೂರು ಚಕ್ರದ ರಿಕಂಬೆಂಟ್‌ಗೆ ಈ ಹಲಗೆ ಆಗುವುದಿಲ್ಲ. ಮುಂದೆ ಎರಡು ಚಕ್ರ ಇರುವ ಮಾದರಿ ಸುಮಾರು 75ರಿಂದ 85 ಸೆಂಮೀ ಅಗಲ. ಅದಕ್ಕೆ ಮೂರು ಚಾನಲ್ ಬೇಕು, ಇಲ್ಲವೇ ನಡುವೆ ಮಡಚುವ ಮಾದರಿಯಾಗಿದ್ದು ಡಿಕ್ಕಿಯೊಳಗೆ ಹೋಗಬೇಕು. ಅದರ ಪಾರ್ಕಿಂಗ್ ಬ್ರೇಕು ಹಾಕಿದ್ದರೂ ಪಟ್ಟಿ ಬೇಕೇ ಬೇಕು.

ಪೆಟ್ಟಿಗೆಯಲ್ಲಿ, ವಿಮಾನದಲ್ಲಿ

ವಿಮಾನದ ಸಾಮಾನ್ಯ ಚೆಕ್‌ಇನ್ ಸಾಮಾನಿಗೆ ಉದ್ದ, ಅಗಲ, ಎತ್ತರ ಸೇರಿ 158 ಸೆಂಮೀ ಮತ್ತು 23 ಕೆಜಿ ಅನ್ನುವ ಮಿತಿ ಬಹಳ ಕಡೆ ಇದೆ. ಬೂಮ್ ಬಿಚ್ಚಿದರೂ ರಿಕಂಬೆಂಟ್ ಫ್ರೇಮು ಆ 158ರೊಳಗೆ ಬರುವುದಿಲ್ಲ. ಕ್ರೀಡಾ ಸಾಮಾನು ಅಂತಲೇ ಒಯ್ಯಬೇಕು, ಟಿಕೆಟ್ ಮಾಡುವ ಮೊದಲೇ ಕೇಳಿಕೊಳ್ಳಬೇಕು. ಸೈಕಲ್ ಅಂಗಡಿಯವರು ಎಸೆಯುವ ರಟ್ಟಿನ ಪೆಟ್ಟಿಗೆ ಸಾಕು. ಅಗಲ ಸಾಲದಿದ್ದರೆ ಎರಡು ಪೆಟ್ಟಿಗೆ ಒಂದರೊಳಗೊಂದು ಸರಿಸಿ ಅಂಟಿಸಿ.

ಒಳಗೆ ಹೋಗುವ ಮೊದಲು ಹಿಂದಿನ ಡಿರೇಲರ್ ಬಿಚ್ಚಿ, ಸ್ಪಂಜು ಸುತ್ತಿ, ಚೈನ್ ಸಮೇತ ಫ್ರೇಮಿನ ಒಳಬದಿಗೆ ಕಟ್ಟಬೇಕು. ಹೊರಗೆ ಬಿಟ್ಟರೆ ಮೊದಲ ಪೆಟ್ಟು ಅದಕ್ಕೇ. ಮುಂದೆ ಇಳಿಬಿದ್ದ ಚೈನಿನ ಕುಣಿಕೆಯನ್ನು ಬಟ್ಟೆ ಚೀಲಕ್ಕೆ ಹಾಕಿ ಬಾಯಿ ಬಿಗಿದು ಮುಖ್ಯ ಕೊಳವೆಗೆ ಕಟ್ಟುತ್ತೇನೆ. ಚಕ್ರ ತೆಗೆದ ಫೋರ್ಕಿನ ಎರಡು ಕಾಲಿನ ನಡುವೆ 100 ಮಿಮೀ ಅಗಲದ ಅಡ್ಡಿ ಇರಬೇಕು. ಹಿಂದಿನ ಚಕ್ರ ತೆಗೆದರೆ ಅಲ್ಲಿ 135. ಅಂಗಡಿಯಲ್ಲಿ ಹೊಸ ಸೈಕಲ್ಲಿನ ಜೊತೆ ಬರುವ ಪ್ಲಾಸ್ಟಿಕ್ ಅಡ್ಡಿ ಕೇಳಿದರೆ ಕೊಡುತ್ತಾರೆ. ಇಲ್ಲ ಅಂದರೆ ಥ್ರೆಡ್ ಇರುವ ಸರಳು, ನಾಲ್ಕು ನಟ್ಟು ಸಾಕು. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಆಗಿದ್ದರೆ ಪ್ಯಾಡುಗಳ ನಡುವೆ ಒಂದು ಚಪ್ಪಟೆ ತುಂಡು ಇಡಿ. ದಾರಿಯಲ್ಲಿ ಯಾರಾದರೂ ಲಿವರ್ ಒತ್ತಿದರೆ ಪ್ಯಾಡು ಕೂಡಿಕೊಂಡುಬಿಡುತ್ತದೆ.

ಟೈರಿನ ಗಾಳಿ ಪೂರ್ತಿ ಬಿಡಿ ಅನ್ನುವವರಿದ್ದಾರೆ. ಸಾಮಾನಿನ ಕೋಣೆಯಲ್ಲೂ ಗಾಳಿಯ ಒತ್ತಡ ಕಾಯ್ದಿರುತ್ತಾರೆ. ಒಂದು ವೇಳೆ ಹೊರಗೆ ಗಾಳಿಯೇ ಇಲ್ಲ ಅಂದರೂ ಟೈರಿಗೆ ಜಾಸ್ತಿಯಾಗುವುದು ಒಂದು ವಾತಾವರಣದಷ್ಟು, ಅಂದರೆ ಸುಮಾರು 15 ಪಿಎಸ್‌ಐ. ಆದರೂ ಕೌಂಟರಿನಲ್ಲಿ ವಾದ ಮಾಡುತ್ತಾ ನಿಲ್ಲುವುದಕ್ಕಿಂತ ಅರ್ಧ ಗಾಳಿ ಬಿಡುವುದು ವಾಸಿ. ಪೂರ್ತಿ ಬಿಟ್ಟರೆ ಪೆಟ್ಟು ಬಿದ್ದಾಗ ರಿಮ್ಮಿಗೆ ಆಸರೆಯೇ ಇರುವುದಿಲ್ಲ.

ಮೋಟಾರ್ ಹಾಕಿಸಿಕೊಂಡವರಿಗೆ ವಿಮಾನ ಕಷ್ಟ. ಲಿಥಿಯಂ ಬ್ಯಾಟರಿ 100 ವ್ಯಾಟ್ ಅವರ್‌ವರೆಗೆ ಕೈಸಾಮಾನಿನಲ್ಲಿ ಆಗುತ್ತದೆ, 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. 36 ವೋಲ್ಟಿನ 10 ಆಂಪಿಯರ್ ಅವರ್ ಬ್ಯಾಟರಿ ಅಂದರೇನೇ 360. ಬ್ಯಾಟರಿಯನ್ನು ಹೋದ ಊರಿನಲ್ಲಿ ಬಾಡಿಗೆಗೆ ಹುಡುಕಬೇಕು, ಇಲ್ಲವೇ ಕಾಲನ್ನು ನಂಬಬೇಕು.

ಜೊತೆಗೆ ಮುಂದಿನ ಚಕ್ರಕ್ಕೆ ಒಂದು ಟ್ಯೂಬು, ಒಂದು ಟೈರು ಒಯ್ಯಿರಿ. 20 ಇಂಚಿನದು ಎಲ್ಲಿ ಬೇಕಾದರೂ ಸಿಗುತ್ತದೆ ಅಂದುಕೊಳ್ಳಬೇಡಿ. 406 ಮತ್ತು 451 ಎರಡನ್ನೂ 20 ಇಂಚು ಅಂತಲೇ ಮಾರುತ್ತಾರೆ. ಒಂದರ ಟೈರು ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ.

ವಾಪಸ್ ಜೋಡಿಸುವಾಗ

ನಾನು ಹಿಂದಿನಿಂದ ಮುಂದಕ್ಕೆ ಬರುತ್ತೇನೆ. ಹಿಂದಿನ ಚಕ್ರ, ಡಿರೇಲರ್, ಆಮೇಲೆ ಬೂಮ್. ಕ್ಲಿಪ್ ತಾಗಬೇಕು, ಗೆರೆ ಕೂಡಬೇಕು. ಕ್ರ್ಯಾಂಕನ್ನು ಚೈನಿನ ಕುಣಿಕೆಯೊಳಗೆ ತೂರಿಸಿ ಚೈನನ್ನು ಹಲ್ಲಿಗೆ ಹತ್ತಿಸಿದ ಮೇಲೆ ಪೆಡಲ್. ಎಡ ಪೆಡಲ್ಲಿನ ಥ್ರೆಡ್ ಉಲ್ಟಾ, ಅದು ಗೊತ್ತಿರುವುದೇ. ನಂತರ ಮುಂದಿನ ಚಕ್ರ, ಹ್ಯಾಂಡಲ್, ಕೊನೆಗೆ ಸೀಟು. ಸೀಟು ಮೊದಲೇ ಹಾಕಿದರೆ ಐಡ್ಲರ್ ಕಾಣುವುದಿಲ್ಲ.

ಓಡಿಸುವ ಮೊದಲು ಹಿಂದಿನ ಚಕ್ರ ಎತ್ತಿ ಪೆಡಲ್ ನಿಧಾನಕ್ಕೆ ಮುಂದೆ ತಿರುಗಿಸಿ, ಕಿವಿ ಐಡ್ಲರ್ ಹತ್ತಿರ ಇಡಿ. ಮೃದುವಾದ ಗರ್ ಸದ್ದು ಸಹಜ. ಹಲ್ಲಿಗೊಂದು ಟಿಕ್ ಅಂತ ಬಂದರೆ ಚೈನು ಐಡ್ಲರಿನ ಕಾವಲು ಪಿನ್ನಿನ ತಪ್ಪು ಬದಿಯಲ್ಲಿ ಹಾದಿದೆ ಅಂತ ಅರ್ಥ. ಸೀಟು ಹಾಕುವ ಮುಂಚೆ ಸರಿಮಾಡಿದರೆ ಒಂದು ನಿಮಿಷದ ಕೆಲಸ. ಪ್ಲಾಸ್ಟಿಕ್ ಕೊಳವೆ ಒಂದೇ ತುದಿಯಲ್ಲಿ ಕಟ್ಟಿರಬೇಕು, ಇನ್ನೊಂದು ತುದಿ ಆಡಿಕೊಂಡಿರಲಿ. ಚೈನು ಗೇರಿನ ಜೊತೆ ಅಡ್ಡಡ್ಡ ಸರಿಯುವಾಗ ಕೊಳವೆಯೂ ಅದರ ಹಿಂದೆ ಹೋಗಬೇಕು. ಕೊಳವೆಯ ಬಾಯಿ ಚೈನಿಗೆ ಉಜ್ಜುತ್ತಿದ್ದರೆ ತುದಿಯನ್ನು ಸ್ವಲ್ಪ ಬಿಸಿ ಮಾಡಿ, ಶಂಕುವಿನಾಕಾರದ ಏನನ್ನಾದರೂ ಒತ್ತಿ ಅಗಲ ಮಾಡಿ.

ಬಾಕಿ ಇರುವುದು ಹ್ಯಾಂಡಲ್ ಮಡಚುವ ಕೀಲು. ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿದರೆ ಅಲ್ಲಿ ಸಣ್ಣ ಆಟ ಕೈಗೆ ಸಿಗುತ್ತದೆ. ಕೀಲಿನೊಳಗಿನ ಪ್ಲಾಸ್ಟಿಕ್ ಬುಷ್ ಸವೆದಿದೆ. ಅದೇ ಅಳತೆಯ ಹಿತ್ತಾಳೆ ಬುಷ್ ಲೇಥಿನಲ್ಲಿ ಕಡೆಸಲು ಕೊಟ್ಟಿದ್ದೇನೆ. ಒಳವ್ಯಾಸ 8 ಮಿಮೀ, ಹೊರಗೆ 12.